ಮರಳುವ ಆಸನ: ಬಾಹ್ಯಾಕಾಶ ನಿಲ್ದಾಣದ ಬಗ್ಗೆ ಜನ ಕೇಳುವ ಪ್ರಶ್ನೆಗಳು



 

2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅವರು ಆಕ್ಸಿಯಮ್-4 ಯಾನದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. ಅಲ್ಲಿಂದೀಚೆಗೆ ನಮ್ಮ ಶಾಲೆ, ಕಾಲೇಜು, ಗ್ರಂಥಾಲಯಗಳಲ್ಲಿ ಈ ವಿಷಯದ ಪ್ರಶ್ನೆಗಳ ಸುರಿಮಳೆಯೇ ಆಗಿದೆ. ಗಗನಯಾತ್ರಿಗಳೇಕೆ ತೇಲುತ್ತಾರೆ? ನಿಲ್ದಾಣ ನಮ್ಮೂರಿನಿಂದ ಕಾಣುತ್ತದೆಯೇ? ಕುಡಿಯುವ ನೀರು ಎಲ್ಲಿಂದ? ಗೋಡೆ ತೂತಾದರೆ ಗತಿಯೇನು? ಸುನೀತಾ ವಿಲಿಯಮ್ಸ್ ಅವರನ್ನು ಬೇಗ ಕರೆತರಲು ಯಾಕೆ ಆಗಲಿಲ್ಲ? ಇಂಥ ಪ್ರಶ್ನೆಗಳಿಗೆ ಇವತ್ತು ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ. ಹೇಳುತ್ತಾ ಹೋದಂತೆ ಒಂದು ಸಂಗತಿ ನಿಮಗೂ ಕಂಡೀತು. ನಾವು ಹೊರಗೆ ನಿಂತು ನೋಡುವಾಗ ಕಣ್ಣಿಗೆ ಬೀಳುವುದು ರಾಕೆಟ್ಟಿನ ಬೆಂಕಿ. ನಿಲ್ದಾಣ ನಡೆಸುವವರ ಕಣ್ಣು ಮಾತ್ರ ಸದಾ ಮರಳಿ ಬರುವ ವಾಹನದ ಮೇಲಿರುತ್ತದೆ. ಅಲ್ಲಿನ ನಿಯಮಗಳಲ್ಲಿ ಬಹುಪಾಲು ಹುಟ್ಟಿರುವುದೇ ಆ ಎಚ್ಚರದಿಂದ.

ತೇಲುವುದು ಮತ್ತು ಕಾಣುವುದು

ಸುಲಭದ ಪ್ರಶ್ನೆಗಳನ್ನು ಮೊದಲು ಮುಗಿಸೋಣ. ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಷ್ಟೇ ದೂರ. ಅಷ್ಟು ಎತ್ತರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ ಸುಮಾರು ಶೇ. 89ರಷ್ಟು ಉಳಿದೇ ಇರುತ್ತದೆ. ಗುರುತ್ವ ಇಲ್ಲದ ಕಾರಣ ತೇಲುತ್ತಾರೆ ಎಂಬ ಮಾತು ಹಾಗಾಗಿ ಸರಿಯಲ್ಲ. ನಿಲ್ದಾಣವೂ ಅದರೊಳಗಿನ ಮನುಷ್ಯರೂ ಒಟ್ಟಿಗೇ ಬೀಳುತ್ತಿದ್ದಾರೆ. ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಮುಂದೆ ಸಾಗುತ್ತಾ ಬೀಳುವುದರಿಂದ, ಅವರು ಬೀಳುವಷ್ಟೇ ಭೂಮಿಯೂ ಬಾಗಿ ದೂರ ಸರಿಯುತ್ತದೆ. ಆ ಬೀಳುವಿಕೆಗೆ ಕೊನೆಯಿಲ್ಲ. ಒಂದು ಸುತ್ತಿಗೆ ತೊಂಬತ್ತೆರಡು, ತೊಂಬತ್ತಮೂರು ನಿಮಿಷ ಹಿಡಿಯುತ್ತದೆ. ದಿನಕ್ಕೆ ಹದಿನೈದು ಹದಿನಾರು ಸೂರ್ಯೋದಯ.

ನಮ್ಮೂರಿನಿಂದ ಅದು ಖಂಡಿತ ಕಾಣುತ್ತದೆ. ಸಮಭಾಜಕ ವೃತ್ತಕ್ಕೆ 51.6 ಡಿಗ್ರಿ ಓರೆಯಾಗಿ ಸುತ್ತುವುದರಿಂದ ಜನವಸತಿಯಿರುವ ಭೂಭಾಗದ ಬಹುಪಾಲು ಅದರ ಹಾದಿಯ ಕೆಳಗೇ ಬರುತ್ತದೆ. ಈ 51.6 ಡಿಗ್ರಿಗೂ ಒಂದು ಕಾರಣವಿದೆ. ರಷ್ಯನ್ನರು ಹಾರಿಸುವುದು ಕಜಾಕ್‌ಸ್ತಾನದ ಬೈಕನೂರಿನಿಂದ. ಅಲ್ಲಿಂದ ನೇರ ಪೂರ್ವಕ್ಕೆ ಹಾರಿಸಿದರೆ ಕಳಚಿಕೊಂಡ ರಾಕೆಟ್ ಹಂತಗಳು ಚೀನಾದ ನೆಲದ ಮೇಲೆ ಬೀಳುತ್ತವೆ. ಅದಕ್ಕಾಗಿ ಸ್ವಲ್ಪ ಉತ್ತರಕ್ಕೆ ತಿರುಗಿಸಿ ಹಾರಿಸುತ್ತಾರೆ. ನಿಲ್ದಾಣ ನೋಡಬೇಕೆಂದರೆ ಮುಸ್ಸಂಜೆಯ ನಂತರ ಇಲ್ಲವೇ ಬೆಳಗಿನ ಜಾವ ಆಕಾಶ ನೋಡಿ. ನೆಲಕ್ಕೆ ಕತ್ತಲಾಗಿರಬೇಕು, ಮೇಲೆ ಅದರ ಸೌರಫಲಕಗಳಿಗೆ ಬಿಸಿಲು ಬೀಳುತ್ತಿರಬೇಕು. ಮಿನುಗದೆ, ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ದಾಟಿಹೋಗುವ ಬೆಳಗುವ ಚುಕ್ಕೆ ಅದು. 2000ದ ನವೆಂಬರ್ 2ರಿಂದ ಆ ಚುಕ್ಕೆಯೊಳಗೆ ಮನುಷ್ಯರಿಲ್ಲದ ದಿನವಿಲ್ಲ.

ಎಷ್ಟು ಜನ ಇರಬಹುದು?

ನಿಲ್ದಾಣದಲ್ಲಿ ಸಾಮಾನ್ಯವಾಗಿ ಏಳು ಮಂದಿ ಇರುತ್ತಾರೆ. ಯಾಕೆ ಏಳೇ ಎಂದು ಕೇಳಿದರೆ ಆಹಾರ, ಗಾಳಿ, ಮಲಗುವ ಜಾಗ ಎಂದು ಉತ್ತರ ಹೇಳುವವರುಂಟು. ಅವೆಲ್ಲ ಸ್ವಲ್ಪ ಹಿಗ್ಗಿಸಬಹುದಾದ ಮಿತಿಗಳು. ಶುಕ್ಲಾ ಅವರ ತಂಡ ತನ್ನದೇ ವಾಹನದಲ್ಲಿ ಹೋಗಿದ್ದಾಗ ಅಲ್ಲಿ ಹನ್ನೊಂದು ಮಂದಿ ಇದ್ದರು. ಹಿಗ್ಗದ ಮಿತಿ ಒಂದೇ, ಮರಳುವ ಆಸನ. ರಷ್ಯದ ಸೋಯುಜ್‌ನಲ್ಲಿ ಮೂರು, ಅಮೆರಿಕದ ಡ್ರ್ಯಾಗನ್‌ನಲ್ಲಿ ನಾಲ್ಕು, ಒಟ್ಟು ಏಳು. ಹೋದ ವಾಹನ ಹಿಂದಿರುಗುವ ತನಕ ಅಲ್ಲಿಯೇ ಕಟ್ಟಿಕೊಂಡಿರುತ್ತದೆ. ಬೆಂಕಿ ಹತ್ತಲಿ, ಗಾಳಿ ಸೋರಲಿ, ಯಾರಿಗಾದರೂ ಕಾಯಿಲೆಯಾಗಲಿ, ಪ್ರತಿಯೊಬ್ಬರಿಗೂ ಓಡಿಹೋಗಿ ಕೂರಲು ತಮ್ಮದೊಂದು ಜಾಗ ಇರಲೇಬೇಕು.

ಈ ನಿಯಮದ ಬಿಗಿ ಎಷ್ಟೆಂಬುದು 2022ರ ಡಿಸೆಂಬರ್ 14ರಂದು ಗೊತ್ತಾಯಿತು. ನಿಲ್ದಾಣಕ್ಕೆ ಜೋಡಿಕೊಂಡಿದ್ದ ಸೋಯುಜ್ ಎಂಎಸ್-22 ನೌಕೆಯಿಂದ ಶೀತಕ ದ್ರವ ಚಿಮ್ಮತೊಡಗಿತು. ಅತಿ ಸಣ್ಣ ಉಲ್ಕಾಕಣವೊಂದು ತಂಪುಗೊಳಿಸುವ ಕೊಳವೆಗೆ ತೂತು ಮಾಡಿತ್ತು ಎಂದು ರಷ್ಯನ್ನರು ನಿರ್ಣಯಿಸಿದರು. ನೌಕೆ ಹಾರಲಾರದ ಸ್ಥಿತಿಯಲ್ಲೇನೂ ಇರಲಿಲ್ಲ. ಆದರೆ ಮೂವರು ಕುಳಿತು ಬಂದರೆ ಒಳಗಿನ ಶಾಖ ಸಹಿಸಲಾಗದಷ್ಟು ಏರುವ ಅಪಾಯವಿತ್ತು. ಆಗ ಒಂದು ವಿಚಿತ್ರ ಏರ್ಪಾಟು ನಡೆಯಿತು. ಆ ಮೂವರಲ್ಲಿ ಒಬ್ಬರಾದ ಫ್ರಾಂಕ್ ರೂಬಿಯೋ ಅವರ ಮೈಯಳತೆಗೆ ಎರಕಹೊಯ್ದ ಆಸನದ ಒಳಪದರವನ್ನು ಸೋಯುಜ್‌ನಿಂದ ಕಿತ್ತು ಪಕ್ಕದ ಡ್ರ್ಯಾಗನ್‌ಗೆ ಸಾಗಿಸಿದರು. ತುರ್ತಾಗಿ ಹೊರಡಬೇಕಾಗಿ ಬಂದರೆ ಅವರು ಅದರಲ್ಲಿ, ಉಳಿದ ಇಬ್ಬರು ಸೋಯುಜ್‌ನಲ್ಲಿ. ಜನ ಕಡಿಮೆಯಾದಷ್ಟೂ ಒಳಗಿನ ಶಾಖ ಕಡಿಮೆ. 2023ರ ಫೆಬ್ರುವರಿಯಲ್ಲಿ ಬದಲಿ ಸೋಯುಜ್ ಖಾಲಿಯಾಗಿ ಹಾರಿ ಬಂತು. ಆರು ತಿಂಗಳಿಗೆಂದು ಹೋಗಿದ್ದ ಮೂವರೂ ಮನೆ ಸೇರುವಾಗ 371 ದಿನಗಳಾಗಿದ್ದವು.

ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರ ಪ್ರಸಂಗವನ್ನೂ ಈ ಬೆಳಕಿನಲ್ಲಿ ನೋಡಬೇಕು. 2024ರ ಜೂನ್ 5ರಂದು ಬೋಯಿಂಗ್‌ನ ಸ್ಟಾರ್‌ಲೈನರ್‌ನಲ್ಲಿ ಎಂಟು ದಿನದ ಲೆಕ್ಕದಲ್ಲಿ ಹೊರಟವರು ಅವರು. ನಿಲ್ದಾಣ ಸಮೀಪಿಸುವಾಗ ಐದು ಸಣ್ಣ ಎಂಜಿನ್‌ಗಳು ಕೈಕೊಟ್ಟವು, ಹೀಲಿಯಂ ಸೋರಿತು. ನಾಸಾ ಆ ನೌಕೆಯನ್ನು ಸೆಪ್ಟೆಂಬರ್‌ನಲ್ಲಿ ಖಾಲಿಯಾಗಿ ಇಳಿಸಿತು. ಇಬ್ಬರೂ ಬಾಹ್ಯಾಕಾಶದಲ್ಲಿ ಸಿಕ್ಕಿಹಾಕಿಕೊಂಡರು ಎಂದು ನಮ್ಮ ಪತ್ರಿಕೆಗಳೂ ಬರೆದವು. ಒಳಗಿನ ಏರ್ಪಾಟು ಬೇರೆಯೇ ಇತ್ತು. ಸ್ಟಾರ್‌ಲೈನರ್ ಹೊರಟ ಮೇಲೆ ಕೆಲವು ವಾರ, ಅಲ್ಲಿದ್ದ ಡ್ರ್ಯಾಗನ್‌ನ ಸರಕಿನ ಜಾಗದಲ್ಲಿ ಅವರಿಗೆ ತಾತ್ಕಾಲಿಕ ಆಸನ ಮಾಡಲಾಗಿತ್ತು. ಸೆಪ್ಟೆಂಬರ್ 28ರಂದು ಹೊರಟ ಹೊಸ ಡ್ರ್ಯಾಗನ್‌ನಲ್ಲಿ ನಾಲ್ವರ ಬದಲು ಇಬ್ಬರೇ ಹೋದರು, ಎರಡು ಆಸನ ಖಾಲಿ ಇಟ್ಟುಕೊಂಡು. ಅದು ತಲುಪಿದ ಮೇಲೆ ಅವರಿಬ್ಬರೂ ಸರದಿಯ ಸಿಬ್ಬಂದಿಯೇ ಆಗಿಹೋದರು, ಸರದಿ ಮುಗಿದ ಮೇಲೆ 2025ರ ಮಾರ್ಚ್ 18ರಂದು ಇಳಿದರು. ಅವರನ್ನು ಮೊದಲೇ ಕರೆತರಬಹುದಿತ್ತೇ? ತರಬಹುದಿತ್ತು. ಆದರೆ ಅದೇ ವಾಹನದಲ್ಲಿ ಬಂದಿದ್ದವರೂ ಜೊತೆಗೇ ಇಳಿಯಬೇಕಿತ್ತು, ನಿಲ್ದಾಣದ ಅಮೆರಿಕದ ಭಾಗವನ್ನು ನೋಡಿಕೊಳ್ಳಲು ಸಾಕಷ್ಟು ಕೈಗಳು ಇರುತ್ತಿರಲಿಲ್ಲ.

ಚೀನಾದ ಟಿಯಾನ್‌ಗಾಂಗ್ ನಿಲ್ದಾಣಕ್ಕೂ 2025ರ ನವೆಂಬರ್‌ನಲ್ಲಿ ಇದೇ ಪಾಠವಾಯಿತು. ಶೆಂಜೌ-20 ನೌಕೆಯ ಕಿಟಕಿಯಲ್ಲಿ ಬಿರುಕು ಕಂಡಿತು. ಅದರಲ್ಲಿ ಬರಬೇಕಿದ್ದ ಮೂವರು, ಆಗತಾನೇ ಬಂದಿದ್ದ ಶೆಂಜೌ-21ರಲ್ಲಿ ಕುಳಿತು ನವೆಂಬರ್ 14ರಂದು ಇಳಿದರು. ಮೇಲೆ ಉಳಿದ ಮೂವರಿಗೆ ನಂಬಬಹುದಾದ ವಾಹನವಿರಲಿಲ್ಲ. ನವೆಂಬರ್ 25ರಂದು ಶೆಂಜೌ-22 ಖಾಲಿಯಾಗಿ ಹಾರಿ ಆ ಕೊರತೆ ತುಂಬಿತು. ಬದಲಿ ರಾಕೆಟ್ಟನ್ನು ಮೊದಲೇ ಸಿದ್ಧವಾಗಿ ಇಟ್ಟುಕೊಂಡಿದ್ದರಿಂದ ಅಷ್ಟು ಬೇಗ ಅದು ಸಾಧ್ಯವಾಯಿತು.

ನಮ್ಮ ರಾಕೇಶ್ ಶರ್ಮಾ ಅವರ ಆಸನದ ಹಿಂದೆಯೂ ಒಂದು ದುರಂತದ ಪಾಠವಿದೆ. 1971ರ ಜೂನ್ 30ರಂದು ಸಲ್ಯೂಟ್-1 ನಿಲ್ದಾಣದಿಂದ ಮರಳುತ್ತಿದ್ದ ಸೋಯುಜ್-11ರಲ್ಲಿ ಒಂದು ಕವಾಟ ಅಕಾಲದಲ್ಲಿ ತೆರೆದುಕೊಂಡು ಗಾಳಿಯೆಲ್ಲ ಹೊರಹೋಯಿತು. ದೊಬ್ರೊವೊಲ್ಸ್ಕಿ, ವೋಲ್ಕೊವ್, ಪಟ್ಸಾಯೆವ್ ಮೂವರೂ ತೀರಿಕೊಂಡರು. ಮೂವರನ್ನು ಕೂರಿಸುವ ಸಲುವಾಗಿ ಒತ್ತಡದ ಉಡುಪನ್ನು ಕೈಬಿಡಲಾಗಿತ್ತು. ಆಮೇಲೆ ಸುಮಾರು ಒಂಬತ್ತು ವರ್ಷ ಸೋಯುಜ್‌ನಲ್ಲಿ ಇಬ್ಬರೇ ಹಾರಿದರು. 1980ರಲ್ಲಿ ಸೋಯುಜ್-ಟಿ ಬಂದ ಮೇಲೆ ಉಡುಪಿನ ಸಮೇತ ಮೂರನೆಯವರಿಗೆ ಮತ್ತೆ ಜಾಗ ಸಿಕ್ಕಿತು. 1984ರ ಏಪ್ರಿಲ್ 3ರಂದು ಆ ಮೂರನೆಯವರಾಗಿ ಹಾರಿದವರು ಶರ್ಮಾ. ಇನ್ನೊಂದು ಸ್ವಾರಸ್ಯವಿದೆ. ಅವರು ಹೋದದ್ದು ಸೋಯುಜ್ ಟಿ-11ರಲ್ಲಿ, ಬಂದದ್ದು ಟಿ-10ರಲ್ಲಿ. ಹೊಸ ನೌಕೆಯನ್ನು ಅಲ್ಲಿ ಉಳಿಯುವವರಿಗೆ ಬಿಟ್ಟು ಹಳೆಯದರಲ್ಲಿ ಇಳಿಯುವುದು ಸೋವಿಯತ್ ಪದ್ಧತಿ. ನೌಕೆಗೂ ಬಾಳಿಕೆಯ ಗಡುವು ಇರುತ್ತದೆ.

ಗಾಳಿ, ನೀರು, ತೂತು

ನೀರಿನ ಪ್ರಶ್ನೆ ಕೇಳುವಾಗ ಮಕ್ಕಳು ನಗುತ್ತಾರೆ, ಅವರಿಗೆ ಉತ್ತರ ಅರ್ಧ ಗೊತ್ತಿರುತ್ತದೆ. ಹೌದು, ಮೂತ್ರವನ್ನೂ, ಬೆವರನ್ನೂ, ಉಸಿರಿನ ತೇವವನ್ನೂ ಹಿಡಿದು ಶುದ್ಧಿಮಾಡಿ ಕುಡಿಯುತ್ತಾರೆ. 2023ರಲ್ಲಿ ಈ ಮರುಬಳಕೆ ಶೇ. 98ಕ್ಕೆ ಮುಟ್ಟಿತು. ನೀರಿಗೆ ವಿದ್ಯುತ್ ಹಾಯಿಸಿ ಆಮ್ಲಜನಕ ತೆಗೆಯುತ್ತಾರೆ. ಉಳಿದ ಜಲಜನಕವನ್ನು ಉಸಿರಿನ ಇಂಗಾಲದ ಡೈ ಆಕ್ಸೈಡ್ ಜೊತೆ ಸೇರಿಸಿ ಮತ್ತೆ ಒಂದಿಷ್ಟು ನೀರು ಪಡೆಯುವ ಉಪಕರಣವೂ ಬಂತು. ಮಲವನ್ನು ಮಾತ್ರ ಡಬ್ಬಿಗಳಲ್ಲಿ ಮುಚ್ಚಿ ಸರಕು ನೌಕೆಗೆ ತುಂಬುತ್ತಾರೆ. ಅದು ವಾತಾವರಣದಲ್ಲಿ ಸುಟ್ಟು ಬೂದಿಯಾಗುತ್ತದೆ. ಫ್ಯಾನುಗಳು ಹಗಲಿರುಳು ತಿರುಗುತ್ತಲೇ ಇರಬೇಕು. ಬಿಸಿಗಾಳಿ ಮೇಲೇರುವುದು ಅಲ್ಲಿ ನಡೆಯದು. ಗಾಳಿ ಅಲುಗದಿದ್ದರೆ ಮಲಗಿದವರ ಮುಖದ ಸುತ್ತ ಅವರೇ ಬಿಟ್ಟ ಉಸಿರು ಕಟ್ಟಿನಿಲ್ಲುತ್ತದೆ, ತಲೆನೋವು ಬರುತ್ತದೆ.

ಗೋಡೆ ತೂತಾದರೆ? ಸಿನಿಮಾಗಳಲ್ಲಿ ತೋರಿಸುವಂತೆ ಮನುಷ್ಯರನ್ನು ಅದು ಹೊರಗೆ ಎಳೆದುಕೊಂಡು ಹೋಗುವುದಿಲ್ಲ. 2018ರ ಆಗಸ್ಟ್ 29ರ ರಾತ್ರಿ ನಿಲ್ದಾಣದ ಒತ್ತಡ ಸ್ವಲ್ಪವೇ ಇಳಿಯುತ್ತಿರುವುದು ನೆಲದವರಿಗೆ ಕಂಡಿತು. ಸೋರಿಕೆ ಸಣ್ಣದೆಂದು ಖಚಿತಪಡಿಸಿಕೊಂಡು, ಮಲಗಿದ್ದವರನ್ನು ಎಬ್ಬಿಸದೆ ಬಿಟ್ಟರು. ಬೆಳಿಗ್ಗೆ ಹುಡುಕಿದಾಗ ಸೋಯುಜ್ ನೌಕೆಯೊಂದರಲ್ಲಿ 2 ಮಿ.ಮೀ. ಅಗಲದ ರಂಧ್ರ ಸಿಕ್ಕಿತು. ಎಪಾಕ್ಸಿ ಅಂಟು ಹಾಕಿ ಮುಚ್ಚಿದರು. 2020ರಲ್ಲಿ ಇನ್ನೊಂದು ಸೋರಿಕೆಯ ಜಾಗ ಗೊತ್ತಾಗದಿದ್ದಾಗ ರಷ್ಯನ್ ಯಾತ್ರಿಗಳು ಚಹಾ ಎಲೆಯನ್ನು ಗಾಳಿಯಲ್ಲಿ ತೇಲಿಬಿಟ್ಟು, ಅದು ಯಾವ ಕಡೆ ಸರಿಯುತ್ತದೆಂದು ಕ್ಯಾಮೆರಾದಲ್ಲಿ ಹಿಡಿದು ಬಿರುಕು ಕಂಡುಹಿಡಿದರು.

ನಿಜವಾಗಿ ಎದೆ ನಡುಗಿಸುವ ಪ್ರಸಂಗ ನಡೆದದ್ದು ರಷ್ಯದ ಮೀರ್ ನಿಲ್ದಾಣದಲ್ಲಿ, 1997ರ ಜೂನ್ 25ರಂದು. ಸರಕು ನೌಕೆಯೊಂದನ್ನು ಕೈಯಿಂದ ನಡೆಸಿ ಜೋಡಿಸುವ ಪ್ರಯೋಗದಲ್ಲಿ ಅದು ಬಂದು ಸ್ಪೆಕ್ಟ್ರ್ ಎಂಬ ಕೊಠಡಿಗೆ ಗುದ್ದಿತು. ಗಾಳಿ ಸೋರತೊಡಗಿತು. ಆ ಕೊಠಡಿಯ ಬಾಗಿಲು ಮುಚ್ಚಿದರೆ ಉಳಿದ ನಿಲ್ದಾಣ ಬದುಕುತ್ತದೆ. ಮುಚ್ಚುವುದು ಹೇಗೆ? ಬಾಗಿಲ ನಡುವೆಯೇ ಕೇಬಲ್ಲುಗಳು ಹಾದುಹೋಗಿದ್ದವು. ಒಳಗಿದ್ದ ಯಾತ್ರಿ ಲಾಜುಟ್ಕಿನ್ ಅವನ್ನು ಕಿತ್ತು, ಕತ್ತರಿಸಿ, ಬಾಗಿಲು ಮುಚ್ಚಿದರು. ಜೊತೆಗೆ ವಿದ್ಯುತ್ತೂ ಹೋಯಿತು, ಗುದ್ದಿದ ರಭಸಕ್ಕೆ ನಿಲ್ದಾಣ ಉರುಳತೊಡಗಿತು. ಆಗ ಅವರ ಜೊತೆಗಿದ್ದ ಮೈಕೆಲ್ ಫೋಲ್ ಕಿಟಕಿಯ ಬಳಿ ಹೆಬ್ಬೆರಳು ಚಾಚಿ ಹಿಡಿದು, ನಕ್ಷತ್ರಗಳು ಅದನ್ನು ದಾಟುವ ವೇಗ ನೋಡಿ, ಉರುಳಾಟದ ಗತಿ ಲೆಕ್ಕಹಾಕಿದರು. ಸೋಯುಜ್‌ನ ಎಂಜಿನ್‌ಗಳನ್ನು ಉರಿಸಿ ನಿಲ್ದಾಣವನ್ನು ಮತ್ತೆ ಸೂರ್ಯನ ಕಡೆ ತಿರುಗಿಸಿದರು. ಮರಳಲು ಇಟ್ಟ ವಾಹನವೇ ಅಂದು ನಿಲ್ದಾಣವನ್ನೂ ಉಳಿಸಿತು.

ದಿನಚರಿ ಮತ್ತು ದೇಹ

ಅಲ್ಲಿ ದಿನವಿಡೀ ಏನು ಮಾಡುತ್ತಾರೆ? ದುರಸ್ತಿ, ಪ್ರಯೋಗ, ವ್ಯಾಯಾಮ, ಸಾಮಾನು ಜೋಡಿಸುವುದು, ಶನಿವಾರ ಮನೆ ಗುಡಿಸುವುದು. ಗಡಿಯಾರ ಗ್ರೀನಿಚ್ ಸಮಯದ್ದು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಹೂಸ್ಟನ್, ಮಾಸ್ಕೋ ಸಮೀಪದ ಕೊರೊಲ್ಯೊವ್, ಜಪಾನಿನ ಸುಕುಬಾ, ಜರ್ಮನಿಯ ಓಬರ್‌ಫಾಫನ್‌ಹೋಫನ್ ಮುಂತಾದ ಕಡೆ ಕುಳಿತವರು ಹಗಲು ರಾತ್ರಿ ಪಾಳಿಯಲ್ಲಿ ಉಸ್ತುವಾರಿ ನೋಡುತ್ತಾರೆ. ನಿಲ್ದಾಣದ ಹೆಚ್ಚಿನ ಕೆಲಸ ನಡೆಯುವುದೇ ನೆಲದ ಮೇಲಿಂದ.

ಆ ದಿನಚರಿ ಎಷ್ಟು ಬಿಗಿಯಾಗಿರಬೇಕು ಎಂಬ ಪಾಠವನ್ನು ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣ ಕಲಿಸಿತು. 1973ರ ನವೆಂಬರ್‌ನಲ್ಲಿ ಹೋದ ಕಾರ್, ಗಿಬ್ಸನ್, ಪೋಗ್ ಮೂವರೂ ಹೊಸಬರು. ಹಿಂದಿನ ತಂಡ ನುರಿತ ಮೇಲೆ ಮಾಡಿದ ವೇಗವನ್ನೇ ಇವರಿಂದ ಮೊದಲ ದಿನದಿಂದ ನಿರೀಕ್ಷಿಸಲಾಯಿತು. ಊಟದ ಹೊತ್ತಿಗೂ, ವಿರಾಮಕ್ಕೂ ಕೆಲಸ ನುಗ್ಗಿತು. ಅವರು ಮುಷ್ಕರ ಹೂಡಿದರು ಎಂಬ ಕಥೆ ಇಂದಿಗೂ ಓಡಾಡುತ್ತದೆ. ಅದು ಬರೀ ಕಥೆ. ನಡೆದದ್ದು ಇಷ್ಟು: ಡಿಸೆಂಬರ್ 30ರಂದು ಮೇಲಿನವರೂ ಕೆಳಗಿನವರೂ ಮನಬಿಚ್ಚಿ ಮಾತಾಡಿದರು. ಚಿಕ್ಕಪುಟ್ಟ ಕೆಲಸಗಳಿಗೆ ಗಂಟೆ ನಿಗದಿ ಮಾಡುವುದು ನಿಂತಿತು. ಅಲ್ಲಿಂದ ಮುಂದೆ ತಂಡ ಚೆನ್ನಾಗಿ ದುಡಿದು, 84 ದಿನ ಪೂರೈಸಿ ಇಳಿಯಿತು.

ದೇಹದ ವಿಷಯದಲ್ಲಿಯೂ ಲೆಕ್ಕವೆಲ್ಲ ಮರಳುವುದರದ್ದೇ. ತೂಕ ಹೊರುವ ಕೆಲಸವಿಲ್ಲದ ಮೂಳೆ, ತಡೆಯದಿದ್ದರೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸವೆಯುತ್ತದೆ. ಮೇಲೆಯೇ ಉಳಿಯುವವರಿಗೆ ಗಟ್ಟಿ ಮೂಳೆ ಬೇಕಿಲ್ಲ. ನೆಲಕ್ಕೆ ಬಂದು ನಡೆಯಬೇಕಾದವರಿಗೆ ಬೇಕು. ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಅದಕ್ಕಾಗಿ.

ಊಟದ ಬಗ್ಗೆ ಕನ್ನಡಿಗರಾದ ನಾವು ಹೆಮ್ಮೆಪಡಬಹುದು. 1984ರಲ್ಲಿ ಶರ್ಮಾ ಅವರೊಂದಿಗೆ ಹೋದ ಭಾರತೀಯ ತಿನಿಸುಗಳನ್ನು ಸಿದ್ಧಪಡಿಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. ಶುಕ್ಲಾ ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವ, ಮಾವಿನ ರಸ ಒಯ್ದಿದ್ದರು. ಹಲ್ವದಂಥ ಅಂಟುವ ತಿನಿಸು ಅಲ್ಲಿಗೆ ಹೇಳಿ ಮಾಡಿಸಿದ್ದು. ಪುಡಿಯಾಗುವುದಾದರೆ ಕಣ್ಣಿಗೂ ಫಿಲ್ಟರ್‌ಗೂ ಹೋಗುತ್ತದೆ. ಬ್ರೆಡ್ಡಿನ ಬದಲು ರೊಟ್ಟಿಯಂಥ ಟೋರ್ಟಿಯಾ ಅಲ್ಲಿ ನೆಲೆಯೂರಿರುವುದೂ ಈ ಕಾರಣಕ್ಕೇ.

ನಮ್ಮ ಸರದಿ

ಇನ್ನು ನಮ್ಮ ದೇಶದ ಮಾತು. ಮಾನವಸಹಿತ ಯಾನದ ಇಸ್ರೊ ಕೇಂದ್ರ 2019ರಿಂದ ಬೆಂಗಳೂರಿನಲ್ಲಿದೆ. ಗಗನಯಾನ ಎಂಬ ಆ ಯೋಜನೆಗೆ ಆಯ್ಕೆಯಾದ ನಾಲ್ವರು ಗಗನಯಾತ್ರಿಗಳ ದೇಹಪರೀಕ್ಷೆ ನಡೆದದ್ದು ಇಲ್ಲಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ. ಶುಕ್ಲಾ ಅವರು ನಿಲ್ದಾಣದಲ್ಲಿ ಮೆಂತ್ಯ ಮತ್ತು ಹೆಸರುಕಾಳು ಮೊಳಕೆ ಬರಿಸಿದ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದು. 2025ರ ಜನವರಿ 16ರಂದು ಸ್ಪೇಡೆಕ್ಸ್ ಯೋಜನೆಯ ಎರಡು ಪುಟ್ಟ ಉಪಗ್ರಹಗಳು ಕಕ್ಷೆಯಲ್ಲಿ ಜೋಡಿಕೊಂಡವು. ಈ ವಿದ್ಯೆ ಕಲಿತ ನಾಲ್ಕನೆಯ ದೇಶ ನಮ್ಮದು. ಗಗನಯಾನ ಮತ್ತು ಭಾರತೀಯ ನಿಲ್ದಾಣದ ಮೊದಲ ಘಟಕ ಸೇರಿ ಯೋಜನೆಗೆ 2024ರಲ್ಲಿ ಒಪ್ಪಿಗೆಯಾದ ಮೊತ್ತ 20,193 ಕೋಟಿ ರೂಪಾಯಿ. 2035ಕ್ಕೆ ನಿಲ್ದಾಣ ಪೂರ್ಣಗೊಳ್ಳಬೇಕೆಂಬ ಗುರಿಯಿದೆ.

ಇಷ್ಟು ಕೇಳಿದ ಮೇಲೆ ಜನ ತಪ್ಪದೆ ಕೇಳುವುದು, 'ನಮ್ಮವರು ಯಾವಾಗ ಹಾರುತ್ತಾರೆ? ಇಷ್ಟು ತಡ ಯಾಕೆ?' ಈ ಪ್ರಶ್ನೆಗೆ 2018ರ ಅಕ್ಟೋಬರ್ 11ರ ಘಟನೆಯನ್ನು ಉತ್ತರವಾಗಿ ಇಡುತ್ತೇನೆ. ಸೋಯುಜ್ ಎಂಎಸ್-10 ಹಾರುತ್ತಿದ್ದಂತೆ ರಾಕೆಟ್ಟಿನ ಪಕ್ಕದ ಬೂಸ್ಟರ್ ಸರಿಯಾಗಿ ಕಳಚಿಕೊಳ್ಳದೆ ಮುಖ್ಯ ಭಾಗಕ್ಕೆ ಬಡಿಯಿತು. ಪಾರುಗಾಣಿಕೆಯ ವ್ಯವಸ್ಥೆ ತಾನೇ ಚಾಲೂ ಆಗಿ ನೌಕೆಯನ್ನು ಎಳೆದುಕೊಂಡು ಹೋಯಿತು. ಒಳಗಿದ್ದ ಒವ್ಚಿನಿನ್ ಮತ್ತು ನಿಕ್ ಹೇಗ್ ಸುರಕ್ಷಿತವಾಗಿ ಇಳಿದರು. ಐದೇ ತಿಂಗಳಲ್ಲಿ ಇಬ್ಬರೂ ಮತ್ತೆ ಹಾರಿದರು. 2024ರಲ್ಲಿ ಎರಡು ಖಾಲಿ ಆಸನ ಇಟ್ಟುಕೊಂಡು ಹೋದರೆಂದು ಆಗಲೇ ಹೇಳಿದೆನಲ್ಲ, ಅವರಲ್ಲಿ ಒಬ್ಬರು ಇದೇ ನಿಕ್ ಹೇಗ್. ನಮ್ಮಲ್ಲಿ 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಪರೀಕ್ಷಿಸಿದ್ದು ಇಂಥ ಪಾರುಗಾಣಿಕೆಯ ವ್ಯವಸ್ಥೆಯನ್ನೇ. ಅಂದು ಉಡಾವಣೆಗೆ ಐದು ಸೆಕೆಂಡ್ ಇರುವಾಗ ಗಣಕ ಎಲ್ಲವನ್ನೂ ನಿಲ್ಲಿಸಿಬಿಟ್ಟಿತು. ದೋಷ ಹುಡುಕಿ, ಬೆಳಿಗ್ಗೆ 10ಕ್ಕೆ ಹಾರಿಸಿದರು, ಪರೀಕ್ಷೆ ಗೆದ್ದಿತು. ಐದು ಸೆಕೆಂಡ್ ಇರುವಾಗ ನಿಲ್ಲಿಸುವ ಬುದ್ಧಿ ಇರುವ ಯಂತ್ರವನ್ನು ನಾನು ನಂಬುತ್ತೇನೆ. ಶುಕ್ಲಾ ಅವರ ಯಾನವೂ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರಿದ್ದಕ್ಕೆ, ನಿಲ್ದಾಣದ ರಷ್ಯನ್ ಭಾಗದ ಸೋರಿಕೆಗೆ ಎಂದು ಹಲವು ಬಾರಿ ಮುಂದೆ ಹೋಗಿತ್ತು.

ನಿಲ್ದಾಣಕ್ಕೂ ಒಂದು ದಿನ ಮರಳುವ ದಾರಿ ಬೇಕಾಗುತ್ತದೆ. ಸುಮಾರು 420 ಟನ್ ತೂಕದ ಈ ರಚನೆಯನ್ನು ಕೆಲಸ ಮುಗಿದ ಮೇಲೆ ದಕ್ಷಿಣ ಶಾಂತ ಸಾಗರದ ನಿರ್ಜನ ಭಾಗಕ್ಕೆ ಬೀಳಿಸಲು ನಾಸಾ 2024ರಲ್ಲಿಯೇ ಸ್ಪೇಸ್‌ಎಕ್ಸ್‌ಗೆ ವಾಹನ ಕಟ್ಟುವ ಗುತ್ತಿಗೆ ಕೊಟ್ಟಿದೆ. ನಾವು ಕಟ್ಟಲಿರುವ ನಿಲ್ದಾಣದ ನಕ್ಷೆಯಲ್ಲೂ ಅದನ್ನು ಇಳಿಸುವ ಯೋಜನೆ ಮೊದಲ ದಿನದಿಂದಲೇ ಇರಬೇಕು.

ಕಡೆಯದಾಗಿ ಒಂದು ಬಿನ್ನಹ. ಗಗನಯಾನದ ದಿನಾಂಕ ಮುಂದೆ ಹೋಯಿತು ಎಂಬ ಸುದ್ದಿ ಮತ್ತೆ ಓದಿದಾಗ 'ಯಾಕೆ ಇನ್ನೂ ಹಾರಿಲ್ಲ' ಎಂದು ಗೊಣಗುವ ಮೊದಲು 'ಈ ಸಲ ಯಾವುದನ್ನು ಪರೀಕ್ಷಿಸಿದರು, ಯಾವುದು ಪಾಸಾಯಿತು, ಯಾವುದು ಆಗಲಿಲ್ಲ' ಎಂದು ಕೇಳಿ. ಶಿಕ್ಷಕರು ಮಕ್ಕಳಿಗೂ ಇದನ್ನು ಕೇಳಲು ಕಲಿಸಬೇಕು. ಇಸ್ರೊ ಇಂಥ ಪ್ರಶ್ನೆಗಳಿಗೆ ಇನ್ನಷ್ಟು ಬಿಚ್ಚುಮನಸ್ಸಿನಿಂದ, ಕನ್ನಡದಲ್ಲಿಯೂ ಉತ್ತರ ಕೊಡಬೇಕು. ತೆರಿಗೆ ಕೊಡುವ ನಮಗೆ ಅದನ್ನು ಕೇಳುವ ಹಕ್ಕಿದೆ. ಹಾರಲಿರುವವರ ಕಡೆಯಿಂದ ಅದನ್ನು ಕೇಳುವ ಹೊಣೆಯೂ ನಮ್ಮದೇ.